ಮಯುವಿಗೊಂದು ಬಾಯಿ

ಪೊರಕೆಯನ್ನು ನಮ್ಮ ಹೊಸ್ತಿಲಿನಿಂದ ಬೀದಿಯ ನಡುವಿನವರೆಗೆ ಎಳೆದು ತಂದು, ಪಕ್ಕದ ಮನೆಯ ಮುಂದೆ ಒಂದು ಮೊಳದಷ್ಟು ಮಾತ್ರ ಹೆಚ್ಚಾಗಿ ಗುಡಿಸುತ್ತಿದ್ದೆ. ಅದಕ್ಕಿಂತ ಮುಂದೆ ಹೋದರೆ ಪಕ್ಕದ ಒಕಿನು ಅಜ್ಜಿಗೆ ‘ನಿನ್ನ ಬಾಗಿಲಲ್ಲಿ ಕಸ ಬಿದ್ದಿದೆ’ ಎಂದು ಮುಖಕ್ಕೆ ಹೇಳಿದಂತೆ. ನಮ್ಮ ಗಡಿಗೇ ನಿಲ್ಲಿಸಿದರೆ ಮುನಿಸಿಕೊಂಡಂತೆ. ನೇಕಾರರ ನಿಶಿಜಿನ್ ಓಣಿಯ ಸ್ನೇಹವೆಲ್ಲ ಆ ಒಂದು ಮೊಳದಲ್ಲೇ ನಿಂತಿರುವುದು. ಗಿಂಕೊ ಮರದ ಹಳದಿ ಎಲೆಗಳು ಇಬ್ಬನಿಗೆ ಕಲ್ಲಿಗಂಟಿಕೊಂಡು ಪೊರಕೆಗೆ ಏಳುತ್ತಿರಲಿಲ್ಲ. ಬಗ್ಗಿ ಒಂದೊಂದನ್ನೇ ಉಗುರಿನಿಂದ ಕೀಳುತ್ತಿದ್ದಾಗ ನನ್ನೊಡನೆ ಕೆಲಸ ಮಾಡುವ ಉರಾಬೆಯ ಸೈಕಲ್ಲು ಬಂದು ನಿಂತಿತು.

"ಮಿಸಾವೊ ಅಕ್ಕಾ, ಮತ್ತೆ ಬಂತು," ಎಂದ.

"ಏನು ಬಂತಪ್ಪಾ?"

"ಹ್ಯಾಂಬರ್ಗಿನಿಂದ. ಮೂರನೇ ಸಲ ಕೇಳ್ತಾ ಇದಾರೆ. ಈ ಸಲ ಬರೀ ಕೇಳಿಲ್ಲ, ಒಬ್ಬನನ್ನ ಕಳಿಸೂ ಇದಾರೆ."

ಸೈಕಲ್ಲಿನ ಬುಟ್ಟಿಯಿಂದ ಒಂದು ದೊಡ್ಡ ಲಕೋಟೆ ತೆಗೆದು, ಅದರೊಳಗಿನ ಬಣ್ಣದ ಚಿತ್ರವನ್ನು ನನ್ನ ಮೂಗಿನ ಮುಂದೆ ಹಿಡಿದ. ಗಡ್ಡದ ಗಂಡಸು. ಅಂಗಿ ಹರಿದು ಎದೆಯೆಲ್ಲ ಬೆಟ್ಟಗುಡ್ಡದ ಹಾಗೆ ಎದ್ದಿದೆ. ಹಲ್ಲು ಕಚ್ಚಿದ್ದಾನೆ. ಕೈಯಲ್ಲಿ ಕತ್ತಿ.

"ಯಾರಿವನು?"

"ಮಯು," ಎಂದ ಉರಾಬೆ. "ನಾವು ಉತ್ತರ ಬರೀದಿದ್ರೆ ಅಲ್ಲಿ ಇವನೇ ಮಯು ಆಗ್ತಾನಂತೆ."

ನನ್ನ ಕೈಯಲ್ಲಿದ್ದ ಎಲೆಗಳು ಅಲ್ಲೇ ಬಿದ್ದವು.

ಇದು ಮೂವತ್ತೈದು ವರ್ಷಕ್ಕೂ ಹಿಂದಿನ ಮಾತು. ಆಗ ನನಗೆ ಐವತ್ತರ ಹತ್ತಿರ. ಹದಿಮೂರನೆಯ ವಯಸ್ಸಿನಿಂದ ನಾನು ಮಾಡಿದ್ದು ಒಂದೇ ಕೆಲಸ: ಚೌಕಳಿ ಕಾಗದದ ಮೇಲೆ ಬಣ್ಣ ತುಂಬುವುದು. ರೇಷ್ಮೆಯಲ್ಲಿ ನೇಯುವ ಕೊಕ್ಕರೆಯಾಗಲಿ, ಅಲೆಯಾಗಲಿ, ಮೊದಲು ಸಾವಿರಾರು ಚೌಕಗಳಾಗಿ ಕಾಗದಕ್ಕಿಳಿಯಬೇಕು, ಆಮೇಲೆ ಮಗ್ಗಕ್ಕೆ. ಕಾಜಿತಾನಿಯವರ ಮನೆಯಲ್ಲಿ ಮಗ್ಗಗಳ ಸದ್ದು ನಿಂತ ಮೇಲೆ ಅವರ ಮಗ ಅದೇ ಮಹಡಿಯ ಮೇಲೆ ಟಿವಿಗಳನ್ನು ಜೋಡಿಸಿ ವಿಡಿಯೋ ಗೇಮ್ ಮಾಡುವ ಕಂಪನಿ ತೆರೆದ. ಟಿವಿಯೊಳಗಿನ ಬೊಂಬೆಗಳೂ ಚೌಕಗಳೇ ಎಂದು ಗೊತ್ತಾದಾಗ ನನ್ನನ್ನು ಕರೆದು ಕೂರಿಸಿದ. ಉರಾಬೆ ಚಿತ್ರ ಯೋಚಿಸುವವನು, ನಾನು ಚುಕ್ಕಿ ತುಂಬುವವಳು. ಸಂಜೆ ಕೆಲಸ ಮುಗಿಸಿ ರಾತ್ರಿಶಾಲೆಗೆ ಹೋಗುತ್ತಿದ್ದೆ. ಚಿಕ್ಕಂದಿನಲ್ಲಿ ತಪ್ಪಿದ ಓದು ಅದು.

ಮಯು ಎಂದರೆ ರೇಷ್ಮೆಗೂಡು. ನಮ್ಮ ಆಟದ ಹುಡುಗಿಯ ಹೆಸರು. ನೂಲು ಸುತ್ತಿದ ಕಂಡಿಕೆಗಳ ಪೆಟ್ಟಿಗೆಯನ್ನು ಕಂಕುಳಲ್ಲಿ ಒತ್ತಿಕೊಂಡು, ಕತ್ತಲಾಗುವ ಮೊದಲು ಮನೆಮನೆಗೆ ಮುಟ್ಟಿಸಲು ಹೆಂಚಿನ ಮಾಡುಗಳ ಮೇಲೆ ಓಡುತ್ತಾಳೆ. ಅಷ್ಟೇ ಆಟ. ಹದಿನಾರು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರ, ಮೂರು ಬಣ್ಣ. ಅಷ್ಟರಲ್ಲಿ ಒಂದು ಮಗು ಬದುಕಬೇಕು. ಉರಾಬೆ ಎರಡು ವರ್ಷ ಬೇರೇನೂ ಮಾಡಿರಲಿಲ್ಲ. ಮಯುವಿಗೆ ಎರಡು ದೊಡ್ಡ ಕಣ್ಣು ಕೊಟ್ಟಿದ್ದ, ಬಾಯಿ ಕೊಟ್ಟಿರಲಿಲ್ಲ. ಕೊಡಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ. ನಮ್ಮ ಮಕ್ಕಳು ಅವಳನ್ನು ಹಾಗೆಯೇ ಅಪ್ಪಿಕೊಂಡಿದ್ದರು.

ಹ್ಯಾಂಬರ್ಗಿನ ವ್ಯಾಪಾರಿ ಡಿರ್ಕ್ಸ್ ಎಂಬಾತ ಅಲ್ಲಿ ಆಟ ಮಾರುತ್ತೇನೆಂದು ಬಂದಿದ್ದ. ಬೇಸಿಗೆಯಲ್ಲೇ ಮೊದಲ ಪತ್ರ ಬರೆದಿದ್ದ. ‘ಇಲ್ಲಿನ ಮಕ್ಕಳಿಗೆ ತೋರಿಸಿದೆವು. ಈ ಹುಡುಗಿಗೆ ಖುಷಿಯೋ ಭಯವೋ ತಿಳಿಯುವುದಿಲ್ಲ ಎನ್ನುತ್ತಾರೆ. ಬಾಯಿ ಏಕಿಲ್ಲ? ಬದಲಾಯಿಸಿದ ಮುಖವನ್ನು ಕಳಿಸಿಕೊಡಿ.’ ಉರಾಬೆ ಆ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಎರಡನೆಯದಕ್ಕೂ ಇಲ್ಲ. ಬರೆಯಲು ಕೂರುವುದು, ಪೆನ್ಸಿಲ್ ಕೆತ್ತುವುದು, ಎದ್ದು ಸಿಗರೇಟು ಸೇದಲು ಹೋಗುವುದು. ಹೀಗೇ ಎಲೆ ಉದುರುವ ಕಾಲ ಬಂದಿತ್ತು.

ಮಗ ಕಾಜಿತಾನಿ ಮಹಡಿಯ ಮೇಲೆ ಗಡ್ಡದವನ ಚಿತ್ರವನ್ನು ಗೋಡೆಗೊರಗಿಸಿ ನೋಡುತ್ತಿದ್ದ.

"ಒಳ್ಳೇ ಗಟ್ಟಿಮುಟ್ಟಾಗಿದಾನೆ," ಎಂದ. "ಕಂಡಿಕೆ ಹೊರೋಕೆ ಇಷ್ಟು ದೊಡ್ಡ ಆಳು ಬೇಕಾ ಅಂತ."

"ನಗ್ಬೇಡಿ ಯಜಮಾನ್ರೇ," ಎಂದ ಉರಾಬೆ.

"ನಗದೇ ಅಳಲಾ? ಹೊಸ ವರ್ಷದೊಳಗೆ ಉತ್ತರ ಹೋಗ್ಲಿಲ್ಲ ಅಂದ್ರೆ ಅವರು ಇವನನ್ನೇ ಹಾಕ್ಕೋತಾರೆ. ಒಪ್ಪಂದದಲ್ಲಿ ಹಾಗೇ ಇದೆ. ನೀನಾಗಿ ಒಂದು ಬಾಯಿ ಬರೆದ್ರೆ ಮಯು ಹೋಗ್ತಾಳೆ. ಇಲ್ದಿದ್ರೆ ಈ ಮಹಾನುಭಾವ ಹೋಗ್ತಾನೆ. ಇಬ್ಬರಲ್ಲಿ ಯಾರು ಹೋಗ್ಬೇಕು ಹೇಳು."

"ಅವರ ಮಕ್ಕಳಿಗೆ ಕಣ್ಣಿಲ್ವಾ? ಕಣ್ಣು ನೋಡಿದ್ರೆ ಗೊತ್ತಾಗಲ್ವಾ ಖುಷಿಯೋ ಭಯವೋ ಅಂತ? ಬಾಯಿ ಬೇಕಂತೆ! ಆ ಮೇಲೆ ಮೀಸೆ ಕೇಳ್ತಾರೆ."

"ಕೆಂಪು ವಸ್ತ್ರ ಮಾತ್ರ ಭಾರೀ ಇಷ್ಟ ಆಗಿದೆಯಂತೆ," ಎಂದ ಕಾಜಿತಾನಿ ಪತ್ರ ತಿರುವುತ್ತಾ. "ಹಾರಾಡೋ ಹಾಗೆ ಇನ್ನೂ ಉದ್ದ ಮಾಡಿ ಅಂದಿದಾರೆ. ಅಲ್ಲಿ ಶೂರರೆಲ್ಲ ಬೆನ್ನಿಗೆ ಅಂಥದ್ದು ಕಟ್ಕೋತಾರಂತೆ."

ಆ ಮಾತಿಗೆ ನಾನೂ ಉರಾಬೆಯೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಆ ವಸ್ತ್ರ ಶೌರ್ಯಕ್ಕೆ ಬಂದದ್ದಲ್ಲ.

ಹಿಂದಿನ ವರ್ಷ ಮಯು ಮೊದಲ ಸಲ ಪರದೆಯ ಮೇಲೆ ಓಡಿದ ದಿನ ಒಕಿನು ಅಜ್ಜಿಯನ್ನು ಕರೆದು ತೋರಿಸಿದ್ದೆವು. ಎಂಬತ್ತು ದಾಟಿದ ಅಜ್ಜಿ, ಹಲ್ಲಿಲ್ಲ, ಕೈ ಇನ್ನೂ ಲಾಳಿ ಎಸೆಯುವ ಹಾಗೆ ಆಡುತ್ತಿರುತ್ತದೆ. ಮಯು ಬಲಕ್ಕೆ ಓಡುವಾಗ ಚಪ್ಪಾಳೆ ತಟ್ಟಿದಳು. ಎಡಕ್ಕೆ ತಿರುಗಿದ ಕೂಡಲೇ ಚಪ್ಪಾಳೆ ನಿಂತಿತು.

"ಅಯ್ಯೋ, ಮಗು ಸತ್ತುಹೋಯ್ತಲ್ಲ," ಎಂದಳು.

ಮಯು ಬಲಕ್ಕೆ ತಿರುಗಿದಳು. "ಬದುಕ್ತು," ಎಂದಳು ಅಜ್ಜಿ. ಎಡಕ್ಕೆ. "ಸತ್ತಳು."

ಯಂತ್ರದ ನೆನಪು ಬಲು ಚಿಕ್ಕದು. ಬಲಕ್ಕೆ ಓಡುವ ಚಿತ್ರವನ್ನು ಮಾತ್ರ ಅದು ಇಟ್ಟುಕೊಂಡಿರುತ್ತದೆ. ಎಡಕ್ಕೆ ಓಡುವಾಗ ಅದನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸುತ್ತದೆ. ಹಾಗೆ ತಿರುಗಿಸಿದಾಗ ಮಯುವಿನ ಕಿಮೊನೊ ಕೂಡ ತಿರುಗಿತ್ತು. ಎದೆಯ ಮೇಲೆ ಎಡದಂಚು ಬಲದಂಚಿನ ಮೇಲೆ ಬರಬೇಕು. ಬಲದಂಚು ಮೇಲೆ ಬರುವಂತೆ ಹೊದಿಸುವುದು ಹೆಣಕ್ಕೆ ಮಾತ್ರ. ಚಿತ್ರದಲ್ಲಿ ಆ ಅಂಚು ಎಂದರೆ ಓರೆಯಾಗಿ ಕೂತ ಮೂರು ಬಿಳಿ ಚುಕ್ಕಿ. ಇಟ್ಟ ನಾನು ಕಂಡಿರಲಿಲ್ಲ, ಬರೆದ ಉರಾಬೆ ಕಂಡಿರಲಿಲ್ಲ. ಅಜ್ಜಿ ಅಂದ ಮೇಲೆ ಮಾತ್ರ ಬೇರೇನೂ ಕಾಣದಾಯಿತು. ಮಾಡಿನಿಂದ ಮಾಡಿಗೆ ಹಾರುವ ಮಗು ಒಂದು ದಿಕ್ಕಿಗೆ ಜೀವಂತ, ಇನ್ನೊಂದು ದಿಕ್ಕಿಗೆ ಹೆಣ. ಮೂರು ಚುಕ್ಕಿಗೆ ಇಷ್ಟು ಬಲವೇ ಎಂದು ನನ್ನ ಮೈ ಜುಮ್ಮೆಂದಿತ್ತು. ಆ ಮಧ್ಯಾಹ್ನವೇ ಉರಾಬೆ ಅವಳ ಕೊರಳಿಗೆ ಕೆಂಪು ವಸ್ತ್ರ ಸುತ್ತಿ ಎದೆ ಮುಚ್ಚಿದ. ಆ ವಸ್ತ್ರವನ್ನೇ ಈಗ ಹ್ಯಾಂಬರ್ಗಿನವರು ಶೂರರ ಉಡುಗೆ ಎಂದು ಮೆಚ್ಚಿಕೊಂಡಿದ್ದರು.

"ಒಕಿನು ಅಜ್ಜಿ ಅಂದಾಗ ಒಂದೇ ಮಾತಿಗೆ ಬದಲಾಯಿಸಿದೆ," ಎಂದೆ ನಾನು.

"ಅದು ಬೇರೆ, ಅಕ್ಕಾ. ಅದು ತಪ್ಪಾಗಿತ್ತು."

"ನಮಗೆ ತಪ್ಪಾಗಿತ್ತು."

ಉರಾಬೆ ಪೆನ್ಸಿಲ್ ಕೆತ್ತಲು ಶುರುಮಾಡಿದ.

ಅವತ್ತು ಸಂಜೆ ಶಾಲೆಗೆ ಹೋಗುವ ಮೊದಲು ಓಣಿಯ ಹೆಂಗಸರೆಲ್ಲ ಒಟ್ಟಿಗೆ ಮೀಯುವ ಸ್ನಾನದ ಮನೆಗೆ ಹೋದೆ. ಬಟ್ಟೆ ಕಳಚುವ ಕೋಣೆಯಲ್ಲಿ ಗದ್ದಲವೋ ಗದ್ದಲ. ನಡುವೆ ಗುನಿಲ್ಲಾ ಎರಡೂ ಕೈ ಚಾಚಿ ನಿಂತಿದ್ದಾಳೆ, ಸುತ್ತ ನಾಲ್ಕು ಹೆಂಗಸರು ಅವಳ ಸೊಂಟದ ಪಟ್ಟಿ ಬಿಚ್ಚುತ್ತಿದ್ದಾರೆ.

ಗುನಿಲ್ಲಾ ಸ್ವೀಡನ್ನಿನವಳು. ನೇಯ್ಗೆ ಕಲಿಯಲು ಬಂದು ಎರಡು ವರ್ಷವಾಗಿತ್ತು. ನಮ್ಮ ಮಾತನ್ನು ಅವಳು ಕಲಿತದ್ದು ಮಗ್ಗದ ಮನೆಯ ಮುದುಕಿಯರಿಂದ. ಹೀಗಾಗಿ ಆರಡಿ ಎತ್ತರದ, ಜೋಳದ ಬಣ್ಣದ ಕೂದಲಿನ ಆ ಹೆಂಗಸು ಬಾಯಿ ತೆರೆದರೆ ಒಕಿನು ಅಜ್ಜಿಯೇ ಮಾತಾಡಿದಂತೆ ಕೇಳುತ್ತಿತ್ತು.

"ಅಯ್ಯೋ ನಮ್ಮಮ್ಮಾ, ಮತ್ತೆ ಸತ್ತೋಳ ಹಾಗೆ ಉಟ್ಕೊಂಡು ಬಂದ್ನಾ?" ಎನ್ನುತ್ತಿದ್ದಳು. "ಓಣಿ ಉದ್ದಕ್ಕೂ ಎಲ್ಲಾ ನನ್ನನ್ನೇ ನೋಡ್ತಿದ್ರು. ಎಷ್ಟು ಚೆನ್ನಾಗಿ ಉಟ್ಟಿದೀನಿ ಅನ್ಕೊಂಡೆ."

"ಇದು ಐದನೇ ಸಲ ಸಾಯ್ತಾ ಇರೋದು ನೀನು," ಎಂದಳು ಟೋಫು ಅಂಗಡಿಯ ಹೆಂಗಸು. "ಇನ್ಮೇಲೆ ಬಿಚ್ಚಿ ಉಡಿಸಲ್ಲ, ಹೆಣಕ್ಕೆ ಹೂವು ಕಳಿಸ್ಬಿಡ್ತೀವಿ."

ಬಿಸಿನೀರಿನಿಂದ ಎದ್ದು ಬಂದು, ಇಬ್ಬರೂ ಬೆಂಚಿನ ಮೇಲೆ ಕೂತು ತಣ್ಣನೆಯ ಹಾಲಿನ ಸೀಸೆ ಹಿಡಿದಾಗ ನನಗೆ ಥಟ್ಟನೆ ಹೊಳೆಯಿತು. ಚೀಲದಿಂದ ಮಯುವಿನ ಚೌಕಳಿ ಕಾಗದ ತೆಗೆದೆ. ಖುಷಿಯಿಂದ ಜಿಗಿಯುವ ಚಿತ್ರ ಅದು. ಎರಡು ಕಣ್ಣೂ ಕಮಾನಿನಂತೆ ಬಾಗಿವೆ. ಅದಕ್ಕಿಂತ ದೊಡ್ಡ ನಗೆ ನನ್ನ ಕೈಯಿಂದ ಬಂದಿರಲಿಲ್ಲ.

ಗುನಿಲ್ಲಾ ನೋಡಿದಳು. ಹಾಲು ಕುಡಿಯುವುದನ್ನು ನಿಲ್ಲಿಸಿದಳು. ಅವಳ ನೋಟ ಕಾಗದದ ಮೇಲೆ ಎಲ್ಲಿ ಹೋಗುತ್ತದೆಂದು ನಾನು ನೋಡುತ್ತಿದ್ದೆ. ಕಣ್ಣುಗಳನ್ನು ದಾಟಿ ನೇರ ಕೆಳಗಿಳಿಯಿತು. ಮುಖದ ಕೆಳಭಾಗದಲ್ಲಿ, ಏನೂ ಇಲ್ಲದ ಬಿಳಿ ಜಾಗದಲ್ಲಿ, ಬಿದ್ದುಹೋದ ಗುಂಡಿ ಹುಡುಕುವವರ ಹಾಗೆ ಹುಡುಕಿತು.

"ಪಾಪ, ಯಾರು ಈ ಮಗುವಿನ ಬಾಯಿ ಮುಚ್ಚಿದ್ದು?" ಎಂದಳು.

"ನಗ್ತಾ ಇದಾಳಲ್ಲ ಗುನಿಲ್ಲಾ."

"ಎಲ್ಲಿ? ನನಗೇನೋ ಮಲಗಿದಾಳೆ ಅನ್ನಿಸ್ತು. ಇಲ್ಲಾ, ಏನೋ ನೋವು ತಡ್ಕೊಂಡಿದಾಳೆ."

ಆಗ ನಾನು ತಲೆಯೆತ್ತಿ ಅವಳನ್ನೇ ನೋಡಿದೆ. ಎರಡು ವರ್ಷ ಅವಳೊಡನೆ ನೀರಿನಲ್ಲಿ ಕೂತು ಮಾತಾಡಿದ್ದೆ. ಅವಳು ನನ್ನ ಕಣ್ಣು ನೋಡಿ ಮಾತಾಡುತ್ತಾಳೆಂದೇ ತಿಳಿದಿದ್ದೆ. ಇಲ್ಲ. ನಾನು ಮಾತಾಡುವಾಗಲೆಲ್ಲ ಅವಳ ನೋಟ ನನ್ನ ತುಟಿಗಳಿಗೆ ಇಳಿದಿಳಿದು ಹೋಗುತ್ತಿತ್ತು. ಹಾಗೆಯೇ ಅವಳ ತುಟಿ ಹೇಗಿದೆಯೆಂದು ಕೇಳಿದ್ದರೆ ನಾನು ಹೇಳಲಾರದವಳಾಗಿದ್ದೆ. ಅವಳ ಬಾಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಈಗ ನೋಡಿದೆ. ಅಗಲವಾದ ಬಾಯಿ, ಅದರ ಎಡತುದಿಯಲ್ಲಿ ಒಂದು ಪುಟ್ಟ ಗುಳಿ. ಮಾತಿಗೆ ಮಾತಿಗೆ ಅದು ಮೂಡಿ ಮರೆಯಾಗುತ್ತಿತ್ತು. ಎರಡು ವರ್ಷದಿಂದ ನನ್ನ ಎದುರಿಗೇ ಇತ್ತಂತೆ ಆ ಗುಳಿ! ಅಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದು ಒಂದೂ ತಲೆಗೆ ಹತ್ತಲಿಲ್ಲ. ಅವರ ಬಾಯನ್ನೇ ನೋಡುತ್ತ ಕೂತಿದ್ದೆ.

ಮರುದಿನ ಮಧ್ಯಾಹ್ನ ಗುನಿಲ್ಲಾಳನ್ನು ಮಹಡಿಗೆ ಕರೆತಂದೆ. ಒಕಿನು ಅಜ್ಜಿ ಅದಾಗಲೇ ಬಂದು ಕೆಳಗೆ ಕೆಂಡವಿಟ್ಟು ಸುತ್ತ ಹೊದಿಕೆ ಇಳಿಬಿಟ್ಟ ಮೇಜಿನಡಿ ಕಾಲು ಚಾಚಿ ಸುಟ್ಟ ಗೆಣಸು ತಿನ್ನುತ್ತಿದ್ದಳು. ಬಿಸಿಲುಕಾಲದಿಂದ ಮೂಲೆಯಲ್ಲಿ ಬಿದ್ದಿದ್ದ ಒಂದು ಬೀಸಣಿಗೆಯನ್ನು ತಂದೆ.

"ಉರಾಬೆ, ಬೀಸಣಿಗೆಯಿಂದ ಬಾಯಿ ಮುಚ್ಕೋ," ಎಂದೆ. "ಈಗ ನಗು."

ಅವನಿಗೆ ಇಷ್ಟವಿಲ್ಲ. ಆದರೂ ಹಿರಿಯಳ ಮಾತೆಂದು ನಕ್ಕ.

"ನಗ್ತಾವ್ನೆ," ಎಂದಳು ಅಜ್ಜಿ, ಗೆಣಸಿನಿಂದ ತಲೆಯೆತ್ತುತ್ತ.

"ಸುಮ್ನೆ ಇದಾನೆ," ಎಂದಳು ಗುನಿಲ್ಲಾ.

"ಈಗ ಬೀಸಣಿಗೆ ಮೇಲಕ್ಕೆ ಹಿಡಿ. ಕಣ್ಣು ಮುಚ್ಚು, ಬಾಯಿ ಕಾಣ್ಲಿ."

ಉರಾಬೆಯ ತುಟಿಗಳು ಮಾತ್ರ ಕಾಣುತ್ತಿದ್ದವು. ಎರಡು ತುದಿಯೂ ಮೇಲಕ್ಕೆದ್ದಿದ್ದವು.

"ಈಗ ನಗ್ತಾ ಇದಾನೆ! ಚೆನ್ನಾಗಿ ನಗ್ತಾ ಇದಾನೆ!" ಎಂದು ಗುನಿಲ್ಲಾ ಕೈ ತಟ್ಟಿದಳು.

"ನನಗೇನೂ ತಿಳೀವಲ್ದು. ಬೀಸಣಿಗೆ ತೆಗಿಯೋ," ಎಂದಳು ಅಜ್ಜಿ. ಅವನು ತೆಗೆದ. ಅಜ್ಜಿ ಒಂದು ಕ್ಷಣ ನೋಡಿ, "ನಗು ಎಲ್ಲಿ ಬಂತೇ? ಉರಿದು ಬೀಳ್ತಾ ಇದಾನೆ. ಕಣ್ಣು ನೋಡು," ಎಂದಳು.

"ನಿಜ, ಉರೀತಾ ಇದೀನಿ," ಎಂದ ಉರಾಬೆ, ತುಟಿಯನ್ನು ಹಾಗೆಯೇ ನಗಿಸಿಕೊಂಡು.

ಗುನಿಲ್ಲಾ ಬೆರಗಾಗಿ ಅವನನ್ನೂ ನಮ್ಮನ್ನೂ ನೋಡಿದಳು. ಆಮೇಲೆ ಏನೋ ನೆನಪಾಗಿ ಮುಖ ಕೆಂಪೇರಿತು.

"ಹಾಗಾದ್ರೆ ನಮ್ಮ ಮಗ್ಗದ ಯಜಮಾನ್ರು… ದಿನಾ ನನ್ನ ನೇಯ್ಗೆ ನೋಡಿ ನಗ್ತಾರಲ್ಲ…"

"ಬಾಯಿಂದ ನಗ್ತಾರಾ, ಕಣ್ಣಿಂದ ನಗ್ತಾರಾ?" ಎಂದು ಕೇಳಿದಳು ಅಜ್ಜಿ.

"ನಾನು ಕಣ್ಣು ನೋಡೇ ಇಲ್ವಲ್ಲಾ!"

"ಅಯ್ಯೋ ಮಗಳೇ! ಎರಡು ವರ್ಷದಿಂದ ಬೈಸ್ಕೋತಾ ಇದೀಯ, ನಿನಗೇ ಗೊತ್ತಿಲ್ಲ!"

ಅಜ್ಜಿ ಗೆಣಸು ಗಂಟಲಿಗೆ ಸಿಕ್ಕಿ ಕೆಮ್ಮುವವರೆಗೆ ನಕ್ಕಳು. ಕಾಜಿತಾನಿ ನಕ್ಕ, ಗುನಿಲ್ಲಾಳೂ ನಕ್ಕಳು. ಉರಾಬೆ ಮಾತ್ರ ನಗಲಿಲ್ಲ. ಬೀಸಣಿಗೆ ಕೈಯಲ್ಲಿ ಹಿಡಿದು ನಿಂತೇ ಇದ್ದ. ನಿಧಾನವಾಗಿ ಅದನ್ನು ತನ್ನ ಕಣ್ಣಿನ ಮೇಲಿಟ್ಟುಕೊಂಡ, ತೆಗೆದ, ಮತ್ತೆ ಇಟ್ಟುಕೊಂಡ.

"ಹಾಗಾದ್ರೆ ಅಲ್ಲಿನ ಮಕ್ಕಳಿಗೆ ನಮ್ಮ ಮಯು ಹೀಗೇ ಕಾಣೋದು," ಎಂದ. "ಮುಖದ ಮೇಲೆ ಬೀಸಣಿಗೆ ಹಿಡಿದ ಹಾಗೆ."

ಅದಾದ ಮೇಲೆ ಅವನು ಪೆನ್ಸಿಲ್ ಕೆತ್ತಲಿಲ್ಲ. ನನ್ನ ಪಕ್ಕ ಬಂದು ಕೂತ. ಬಾಯಿ ಬರೆಯಲು ತೊಡಗಿದೆವು.

ಬಟ್ಟಲಗಲದ ಮುಖಕ್ಕೆ ಬಾಯಿ ಬರೆಯುವುದು ಸುಲಭ. ಏಳು ಚುಕ್ಕಿ ಅಗಲದ ಮುಖಕ್ಕೆ ಅಲ್ಲ. ಬಾಯಿಗೆ ಜಾಗ ಬೇಕೆಂದರೆ ಕಣ್ಣು ಚಿಕ್ಕದಾಗಬೇಕು, ಕಣ್ಣು ಚಿಕ್ಕದಾದರೆ ಮಗು ಒಮ್ಮೆಗೇ ದೊಡ್ಡವಳಾಗುತ್ತಾಳೆ. ಎರಡು ಕಪ್ಪು ಚುಕ್ಕಿ ಇಟ್ಟರೆ ಮೀಸೆ. ಕೆಂಪು ಇಟ್ಟರೆ ನಾಟಕದ ಹೆಂಗಸಿನ ತುಟಿ. ಒಂದು ಚುಕ್ಕಿ ಕೆಳಗಿಳಿಸಿದರೆ ಸೀಳುಗಲ್ಲ, ಮೇಲೇರಿಸಿದರೆ ಮೂಗು. ಪ್ರತಿ ಸಲ ಟಿವಿಯಿಂದ ದೂರ ಸರಿದು, ಕಣ್ಣು ಕಿರಿದು ಮಾಡಿ ನೋಡಬೇಕು. ಪ್ರತಿ ಸಲವೂ ಅಲ್ಲೊಬ್ಬ ಹೊಸಬಳು ನಿಂತಿರುತ್ತಿದ್ದಳು. ಒಂದು ಚುಕ್ಕಿ ಸರಿಸಿದರೆ ಜಗಳಗಂಟಿ, ಇನ್ನೊಂದು ಸರಿಸಿದರೆ ಅಳುಬುರುಕಿ. ಇಷ್ಟು ಜನ ಆ ಇಷ್ಟೇ ಚೌಕಗಳಲ್ಲಿ ಅಡಗಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಒಂದೊಂದು ಮುಖ ಎದ್ದು ಬಂದಾಗಲೂ ನಾನು ಕುಂಚ ಕೆಳಗಿಟ್ಟು ಸುಮ್ಮನೆ ನೋಡುತ್ತ ಕೂತುಬಿಡುತ್ತಿದ್ದೆ.

ಕೊನೆಗೆ ಒಂದು ದಿನ ಹುಬ್ಬನ್ನು ಸ್ವಲ್ಪ ಓರೆ ಮಾಡಿ, ಕಣ್ಣಿನಿಂದ ಒಂದು ಸಾಲು ಕದ್ದು, ಗಲ್ಲದ ಬಳಿ ಅಗಲವಾದ ತೆರೆದ ಬಾಯಿ ಇಟ್ಟೆವು. ಗುನಿಲ್ಲಾ ಮೇಲೆ ಬಂದು ನೋಡಿದಳು.

"ಓ!" ಎಂದಳು. ಅಷ್ಟೇ. ಅವಳ ಗುಳಿ ಮೂಡಿತು. ಪರದೆಯ ಹತ್ತಿರ ಹೋಗಿ ಬೆರಳಿನಿಂದ ಮಯುವಿನ ಗಲ್ಲ ಮುಟ್ಟಿದಳು. "ನಕ್ಕಳು. ಈಗ ನಕ್ಕಳು ನೋಡಿ. ಎಷ್ಟು ಧೈರ್ಯ ಇವಳಿಗೆ!"

ನಾವು ಒಕಿನು ಅಜ್ಜಿಯ ಕಡೆ ತಿರುಗಿದೆವು. ಅಜ್ಜಿ ಮುಖ ಸಿಂಡರಿಸಿದಳು.

"ಯಾಕೆ ನನ್ ಮೇಲೆ ಕಿರುಚ್ತಾ ಇದಾಳೆ ಇವಳು? ಹಲ್ಲು ಕಾಣೋ ಹಾಗೆ? ನಮ್ಮ ಮಗು ಎಲ್ಲಿ? ಇದು ಬೇರೆ ಯಾರದೋ ಮನೇದು."

ಒಂದೇ ಪರದೆ, ಒಂದೇ ಗಳಿಗೆ. ಒಬ್ಬಳು ಆ ಮಗುವನ್ನು ಎತ್ತಿಕೊಳ್ಳಲು ಮುಂದೆ ಹೋದಳು, ಇನ್ನೊಬ್ಬಳು ಹೊದಿಕೆಯೊಳಕ್ಕೆ ಹಿಂದೆ ಸರಿದಳು. ನಾನು ಬಣ್ಣ ತುಂಬಿದ ಕಾಲದಿಂದ ಎಷ್ಟೋ ಚಂದದ್ದನ್ನು ನೋಡಿದ್ದೇನೆ. ಅಂಥದ್ದನ್ನು ನೋಡಿರಲಿಲ್ಲ.

ಉರಾಬೆಗೆ ಬೇರೆಯದೇ ಚಿಂತೆ ಹತ್ತಿತ್ತು.

"ಅಜ್ಜಿ ಹೇಳಿದ್ದೇ ಸರಿ," ಎಂದ. ದನಿ ಇಳಿದಿತ್ತು. "ಇವಳು ಮಯು ಅಲ್ಲ. ಮುಖ ಹೋದ ಮೇಲೆ ಇನ್ನೇನು ಉಳೀತು? ಬೇರೆಯವಳನ್ನ ಕಳಿಸೋದಾದ್ರೆ ಗಡ್ಡದವನನ್ನ ಕಳಿಸಿದ್ರೂ ಒಂದೇ."

"ಹಾಗನ್ಬೇಡಪ್ಪಾ."

"ಯಾಕನ್ಬಾರ್ದು? ನೋಡಿ, ಈಗಲೇ ಮಾಡ್ತೀನಿ."

ಸಿಟ್ಟಿನಲ್ಲಿ ಅವನ ಕೈ ಎಂದಿಗಿಂತ ಚುರುಕಾಗಿರುತ್ತದೆ. ನಾನು ಟೀ ಕಾಯಿಸಿ ತರುವಷ್ಟರಲ್ಲಿ ಮಯುವಿನ ಓಟದ ನಾಲ್ಕು ಚಿತ್ರಗಳ ಮೇಲೂ ತಲೆ ಅಳಿಸಿ ಗಡ್ಡದ ತಲೆ ಕೂರಿಸಿದ್ದ. ಕೆಂಪು ವಸ್ತ್ರ ತೆಗೆದು ಹರಿದ ಅಂಗಿ ಬರೆದಿದ್ದ. ಕಂಡಿಕೆಯ ಪೆಟ್ಟಿಗೆಗೆ ಕತ್ತಿಯ ಬಣ್ಣ ಬಳಿದಿದ್ದ. ಗುಂಡಿ ಒತ್ತಿದ. ಗಡ್ಡದವನು ಹೆಂಚಿನ ಮಾಡುಗಳ ಮೇಲೆ ಓಡತೊಡಗಿದ.

ಅಜ್ಜಿ ಅಷ್ಟು ಹೊತ್ತಿಗೆ ಬೆಚ್ಚಗಿನ ಹೊದಿಕೆಯಲ್ಲಿ ತೂಕಡಿಸುತ್ತಿದ್ದಳು. ಸದ್ದಿಗೆ ಕಣ್ಣು ಬಿಟ್ಟು ಪರದೆ ನೋಡಿದಳು.

"ಅಯ್ಯೋ ಮಯು," ಎಂದಳು. "ಗಡ್ಡ ಯಾಕೆ ಇಟ್ಕೊಂಡೆಯೇ?"

ಗುನಿಲ್ಲಾ ಕಿಟಕಿಯ ಬಳಿಯಿಂದ ಇತ್ತ ತಿರುಗಿದಳು. ಅವನು ಏನು ಬರೆಯುತ್ತಿದ್ದಾನೆಂದು ಅವಳು ಕಂಡಿರಲಿಲ್ಲ. ಒಂದು ಕ್ಷಣ ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದು ನಗಲಾರಂಭಿಸಿದಳು.

"ಇದು ಅವಳೇ! ವೇಷ ಹಾಕ್ಕೊಂಡು ಎಲ್ಲಿಗೋ ಕದ್ದು ಹೋಗ್ತಾ ಇದಾಳೆ!"

"ಹೇಗೆ ಗೊತ್ತಾಯ್ತು?" ಎಂದು ಉರಾಬೆ ಇಬ್ಬರನ್ನೂ ಕೇಳಿದ.

"ಹೇಗೆ ಅಂದ್ರೆ?" ಎಂದಳು ಅಜ್ಜಿ, ಇದೇನು ದಡ್ಡ ಪ್ರಶ್ನೆ ಎಂಬಂತೆ. "ಓಡೋದು ನೋಡು. ಒಂದು ಕೈ ಬೀಸ್ತಾಳೆ, ಒಂದು ಕೈ ಒತ್ಕೊಂಡಿರ್ತಾಳೆ. ಕಂಡಿಕೆ ಬೀಳಬಾರದಲ್ಲ. ನಾನೂ ಹಾಗೇ ಓಡ್ತಿದ್ದೆ."

ಉರಾಬೆ ಪರದೆಯ ಎದುರು ಮೊಣಕಾಲೂರಿ ಕೂತ. ಗಡ್ಡದವನು ಓಡುತ್ತಿದ್ದ. ಅಷ್ಟು ದಪ್ಪ ಎದೆ, ಅಷ್ಟು ಕೋಪದ ಹಲ್ಲು. ಆದರೂ ಮಾಡಿನ ಅಂಚಿನಲ್ಲಿ ಒಮ್ಮೆ ತಡೆದು, ಕಂಕುಳನ್ನು ಬಿಗಿ ಹಿಡಿದು, ಪುಟ್ಟ ಹೆಜ್ಜೆ ಎರಡಿಟ್ಟು ಹಾರುತ್ತಿದ್ದ. ಮುಖ ಅಳಿಸಿದ್ದೆವು, ಬಟ್ಟೆ ಅಳಿಸಿದ್ದೆವು, ಗಂಡಸಾಗಿಸಿದ್ದೆವು. ಮಯು ಅಲ್ಲಿಂದ ಕದಲಿರಲಿಲ್ಲ. ಒಂದೂರಿನವರು ಕಣ್ಣು ನೋಡುತ್ತಾರೆ, ಇನ್ನೊಂದೂರಿನವರು ಬಾಯಿ ನೋಡುತ್ತಾರೆ. ಅವಳು ಎರಡರಲ್ಲೂ ಇರದೆ ಕೈಕಾಲಿನ ನಾಲ್ಕಾರು ಚುಕ್ಕಿಗಳಲ್ಲಿ ಮನೆ ಮಾಡಿಕೊಂಡಿದ್ದಳು. ಅವನ್ನು ಇಟ್ಟದ್ದು ನನ್ನದೇ ಕೈ. ಆದರೂ ಪರದೆಯ ಮುಂದೆ ನನಗೆ ಕೈ ಮುಗಿಯಬೇಕೆನ್ನಿಸಿತು.

ಉರಾಬೆ ಎದ್ದು ನಿಂತು, "ಯಜಮಾನ್ರೇ, ಬರೆಯೋ ಕಾಗದ ಎಲ್ಲಿದೆ?" ಎಂದ.

"ಬೇಸಿಗೆಯಿಂದ ನಿನ್ನ ಮೇಜಿನ ಮೇಲೇ ಇದೆ ಕಣಪ್ಪಾ," ಎಂದ ಕಾಜಿತಾನಿ.

ಉರಾಬೆ ನಮ್ಮ ಮಾತಿನಲ್ಲಿ ಹೇಳಿದ, ಗುನಿಲ್ಲಾ ಇಂಗ್ಲಿಷಿನಲ್ಲಿ ಬರೆದಳು. ನಡುನಡುವೆ ಜಗಳ. "ಕೋಪ ಬೇಡ, ಮೆತ್ತಗೆ ಬರೀತೀನಿ," ಎನ್ನುವಳು ಅವಳು. "ನಾನು ಮೆತ್ತಗೇ ಹೇಳಿದ್ನಲ್ಲ," ಎನ್ನುವನು ಅವನು. "ಬಾಯಿ ಮೆತ್ತಗಿತ್ತು, ಕಣ್ಣು ಇರಲಿಲ್ಲ," ಎಂದಳು ಗುನಿಲ್ಲಾ. ಕಲಿತುಬಿಟ್ಟಿದ್ದಳು. ಕೊನೆಗೆ ಪತ್ರ ಹೀಗಾಯಿತು:

‘ತಡವಾದದ್ದಕ್ಕೆ ಕ್ಷಮಿಸಿ. ಮಯುವಿಗೆ ಬಾಯಿ ಕೊಟ್ಟಿದ್ದೇವೆ, ಇದರೊಡನೆ ಇಟ್ಟಿದೆ. ವಸ್ತ್ರವನ್ನು ನಿಮಗೆ ಬೇಕಾದಷ್ಟು ಉದ್ದ ಮಾಡಿಕೊಳ್ಳಿ. ಮುಖ ನಿಮ್ಮ ಮಕ್ಕಳದು, ಅವರಿಗೆ ಹಿಡಿಸುವಂತೆ ಇನ್ನೂ ತಿದ್ದಬೇಕಾದರೆ ತಿಳಿಸಿ. ಅವಳ ಓಟದ ನಾಲ್ಕು ಚಿತ್ರಗಳಲ್ಲಿ ವಸ್ತ್ರ ಬಿಟ್ಟು ಕತ್ತಿನ ಕೆಳಗೆ ಒಂದು ಚುಕ್ಕಿಯನ್ನೂ ಮುಟ್ಟಬೇಡಿ. ಗಡ್ಡದವರಿಗೆ ಈ ಓಟ ಬರುವುದಿಲ್ಲ, ಓಡಿಸಿ ನೋಡಿದ್ದೇವೆ.’

ಕಾಜಿತಾನಿ ಕೊನೆಯ ಸಾಲಿಗೆ ತಲೆ ಕೆರೆದುಕೊಂಡ, ಆದರೂ ಕೆಳಗೆ ತನ್ನ ಕೆಂಪು ಮುದ್ರೆ ಒತ್ತಿದ. ಫ್ಯಾಕ್ಸಿನಲ್ಲಿ ಕಳಿಸಿದರೆ ಬಣ್ಣ ಹೋಗುತ್ತದೆ. ಬಾಯಿ ಯಾವುದು ನೆರಳು ಯಾವುದು ತಿಳಿಯುವುದಿಲ್ಲ. ನಾನೇ ಹೊಸ ಚೌಕಳಿ ಕಾಗದದ ಮೇಲೆ ಮಯುವನ್ನು ಮೊದಲಿನಿಂದ ಬರೆದೆ. ಬಾಯಿಯ ಚುಕ್ಕಿಗಳನ್ನು ತುಂಬುವಾಗ ಅವು ನನಗೆ ಅಷ್ಟೇನೂ ಕಿರುಚಲಿಲ್ಲ. ಗುನಿಲ್ಲಾಳ ಗುಳಿಯನ್ನು ದಿನಾ ನೋಡಿ ಅಭ್ಯಾಸವಾಗಿತ್ತೋ ಏನೋ. ಅಜ್ಜಿಗೆ ತೋರಿಸಲಿಲ್ಲ. ಅಜ್ಜಿಯ ಮಯು ಬಾಯಿಲ್ಲದೆ ನಮ್ಮಲ್ಲೇ ಇದ್ದಳಲ್ಲ.

ಅಂಚೆ ಕಚೇರಿಗೆ ಉರಾಬೆಯೊಡನೆ ನಾನೂ ಹೋದೆ. ವರ್ಷದ ಕೊನೆಯ ದಿನಗಳು, ಹೊಸ ವರ್ಷದ ಕಾರ್ಡುಗಳ ಕಟ್ಟು ಹಿಡಿದವರ ಸಾಲು ಬಾಗಿಲು ದಾಟಿತ್ತು. ಹಿಂದಿನಿಂದ ಟೋಫು ಅಂಗಡಿಯವಳು ನನ್ನ ತೋಳು ಜಗ್ಗಿ, "ಅಷ್ಟು ದೊಡ್ಡ ಲಕೋಟೆ ಯಾರಿಗೇ? ಯಾವ ದೊರೆಗೆ?" ಎಂದಳು. "ಹ್ಯಾಂಬರ್ಗಿನ ಮಕ್ಕಳಿಗೆ," ಎಂದೆ. "ನಿನಗೆ ಅಲ್ಲಿ ಯಾವಾಗ ಮಕ್ಕಳಾದ್ರು?" ಎಂದಳು. ಸಾಲಿನವರೆಲ್ಲ ನಕ್ಕರು.

ನಮ್ಮ ಸರದಿ ಬಂತು. ಗುಮಾಸ್ತ ಲಕೋಟೆಯನ್ನು ತಕ್ಕಡಿಯ ಮೇಲಿಡಲು ಕೈ ಚಾಚಿದ. ಉರಾಬೆ ಕೊಟ್ಟ, ಆದರೆ ಬಿಡಲಿಲ್ಲ. ಇಬ್ಬರೂ ಎರಡು ತುದಿ ಹಿಡಿದು ನಿಂತರು.

"ಸ್ವಾಮಿ, ಕಳಿಸ್ಬೇಕೋ ಬೇಡ್ವೋ?" ಎಂದ ಗುಮಾಸ್ತ.

"ಮಡಚಬಾರದು," ಎಂದ ಉರಾಬೆ.

"ಮಡಚಲ್ಲ."

"ಒದ್ದೆಯಾಗಬಾರದು."

"ವಿಮಾನದಲ್ಲಿ ಹೋಗುತ್ತೆ ಸ್ವಾಮಿ, ಈಜ್ಕೊಂಡು ಹೋಗಲ್ಲ."

ನಾನು ಉರಾಬೆಯ ಮೊಣಕೈಯನ್ನು ಮೆಲ್ಲನೆ ತಟ್ಟಿದೆ. ಅವನ ಬೆರಳುಗಳು ಬಿಟ್ಟವು. ಗುಮಾಸ್ತ ತೂಗಿದ, ಅಂಚೆಚೀಟಿ ಹಚ್ಚಿದ, ಲಕೋಟೆಯ ಎರಡೂ ಬದಿಗೆ ಮುದ್ರೆ ಒತ್ತಿ ಹಿಂದಿದ್ದ ಹೊರದೇಶದ ಚೀಲಕ್ಕೆ ಹಾಕಿದ. ಆಮೇಲೆ ಟೋಫು ಅಂಗಡಿಯವಳ ಕಾರ್ಡುಗಳಿಗೆ ಕೈ ಚಾಚಿದ.